ಸೀಸನ್ ಶುರುವಾಗುವ ಮೊದಲು ನಿಮ್ಮ ಎನ್‌ಎಫ್‌ಎಲ್ ಟೀಮಿನ ಪಾಸ್ ರಶ್ ಅಳೆಯುವುದು ಹೇಗೆ?

ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಆಗಸ್ಟ್ ಬಂತೆಂದರೆ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ನಮ್ಮ ಟೀಮಿನ ಪಾಸ್ ರಶ್ ಈ ಸಲ ಹೇಗಿದೆ?" ಅಂದರೆ, ಎದುರಾಳಿಯಲ್ಲಿ ಬಾಲ್ ಎಸೆಯುವವನತ್ತ ನುಗ್ಗುವ ಬಲ ಎಷ್ಟಿದೆ ಅಂತ. ಕೇಳುವವರಲ್ಲಿ ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೊ) ಫೋರ್ಟಿನೈನರ್ಸ್ ಅಭಿಮಾನಿಗಳಿದ್ದಾರೆ, ಡಾಲಸ್‌ನ ಕೌಬಾಯ್ಸ್ ಕಡೆಯವರಿದ್ದಾರೆ, ಬೆಂಗಳೂರಲ್ಲಿ ಕೂತು ಆಫೀಸಿನವರ ಜೊತೆ ಫ್ಯಾಂಟಸಿ ಲೀಗ್ ಆಡುವವರೂ ಇದ್ದಾರೆ. ಸುಮಾರು ಜನ ಪ್ರಶ್ನೆಯ ಜೊತೆಗೇ ಉತ್ತರವನ್ನೂ ತಂದಿರುತ್ತಾರೆ: "ಹೋದ ವರ್ಷ ಅಷ್ಟೊಂದು ಸ್ಯಾಕ್ ಮಾಡಿದ್ದೇವೆ, ಹಾಗಾದ್ರೆ ಚೆನ್ನಾಗೇ ಇದೆ, ಅಲ್ವಾ?"

ಹಾಗೇನಿಲ್ಲ. ಹೋದ ವರ್ಷದ ಸ್ಯಾಕ್ ಲೆಕ್ಕ, ಅಂದರೆ ಎಸೆಯುವವನನ್ನು ಎಷ್ಟು ಸಲ ಕೆಡವಿದರು ಅನ್ನುವುದು, ಈ ವರ್ಷದ ಬಗ್ಗೆ ಹೇಳುವುದು ತುಂಬಾ ಕಡಿಮೆ. ನೀವು ಹುಡುಕಬೇಕಾದದ್ದು ಬೇರೆ: ಬರೀ ನಾಲ್ಕು ಜನ ನುಗ್ಗಿ ಎರಡೂವರೆ ಸೆಕೆಂಡಿನೊಳಗೆ ಎದುರಾಳಿಯನ್ನು ಕಂಗೆಡಿಸಬಲ್ಲರೇ? ಹಾಗೆ ಮಾಡಿದವರಲ್ಲಿ ಎಷ್ಟು ಜನ ಈ ವರ್ಷವೂ ಟೀಮಿನಲ್ಲಿದ್ದಾರೆ? ಇದನ್ನು ಮನೆಯಲ್ಲೇ ಕೂತು, ಒಂದು ಸಂಜೆಯಲ್ಲಿ ಕಂಡುಕೊಳ್ಳಬಹುದು. ಉದಾಹರಣೆಗೆ ಉದ್ದಕ್ಕೂ ಫಿಲಡೆಲ್ಫಿಯಾ ಈಗಲ್ಸ್ ಟೀಮನ್ನು ಇಟ್ಟುಕೊಂಡಿದ್ದೇನೆ. ಈ ವಿಷಯದಲ್ಲಿ ಅವರಷ್ಟು ಪಾಠ ಕಲಿಸುವ ಟೀಮ್ ಇನ್ನೊಂದಿಲ್ಲ.

ಮೊದಲು ನಾಲ್ಕು ಮಾತು ಗೊತ್ತಿರಲಿ

ಹಳಬರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಪಂದ್ಯದೊಳಗಿನ ಪ್ರತಿ ಸಣ್ಣ ಸುತ್ತು (ಪ್ಲೇ) ಶುರುವಾಗುವುದು ಬಾಲನ್ನು ಹಿಂದಕ್ಕೆ ಕೊಡುವುದರಿಂದ. ಅದು ಸ್ನ್ಯಾಪ್. ಒಬ್ಬ ಎಷ್ಟು ಸ್ನ್ಯಾಪ್ ಆಡಿದ ಅಂದರೆ ಅಂಥ ಎಷ್ಟು ಸುತ್ತಿನಲ್ಲಿ ಮೈದಾನದಲ್ಲಿದ್ದ ಅಂತ. ಬಾಲ್ ಹಿಡಿದು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವನ ಮುಂದೆ ಗೋಡೆ ಕಟ್ಟಿ ನಿಲ್ಲುವ ಐದು ಜನ ಆಫೆನ್ಸಿವ್ ಲೈನ್. ಆ ಗೋಡೆ ಒಡೆದು ಕ್ವಾರ್ಟರ್‌ಬ್ಯಾಕ್ ಕಡೆ ನುಗ್ಗುವುದೇ ಪಾಸ್ ರಶ್. ಎಸೆಯುವ ಮೊದಲೇ ಅವನನ್ನು ಹಿಡಿದು ಕೆಡವಿದರೆ ಸ್ಯಾಕ್. ಇಬ್ಬರು ಸೇರಿ ಕೆಡವಿದರೆ ಇಬ್ಬರಿಗೂ ಅರ್ಧರ್ಧ. 22.5 ಸ್ಯಾಕ್ ಅನ್ನುವ ಲೆಕ್ಕ ಬರುವುದು ಹೀಗೆ.

ಕೆಡವದಿದ್ದರೂ ಅವನು ಜಾಗ ಬಿಟ್ಟು ಓಡುವಂತೆ, ಅವಸರದಲ್ಲಿ ಎಸೆಯುವಂತೆ ಮಾಡಿದರೆ ಅದು ಪ್ರೆಶರ್. ಸಾಲಿನ ಎರಡು ತುದಿಗಳಿಂದ ನುಗ್ಗುವವರು ಎಡ್ಜ್ ರಶರ್‌ಗಳು, ನಡುವಿನಿಂದ ನುಗ್ಗುವವರು ಡಿಫೆನ್ಸಿವ್ ಟ್ಯಾಕಲ್‌ಗಳು. ಸಾಮಾನ್ಯವಾಗಿ ನಾಲ್ಕು ಜನ ನುಗ್ಗುತ್ತಾರೆ. ಐದು ಅಥವಾ ಜಾಸ್ತಿ ಜನ ನುಗ್ಗಿದರೆ ಅದು ಬ್ಲಿಟ್ಜ್.

ಏನೇನು ಬೇಕು

ಒಂದು ಸ್ಪ್ರೆಡ್‌ಶೀಟ್, ಇಲ್ಲದಿದ್ದರೆ ನೋಟ್‌ಬುಕ್. ಪ್ರೊ ಫುಟ್‌ಬಾಲ್ ರೆಫರೆನ್ಸ್ ತಾಣ, ಅಲ್ಲಿ ಸ್ಯಾಕ್, ಪ್ರೆಶರ್, ಬ್ಲಿಟ್ಜ್ ಪ್ರಮಾಣ, ಯಾರು ಎಷ್ಟು ಸ್ನ್ಯಾಪ್ ಆಡಿದರು ಎಲ್ಲಾ ಪುಕ್ಕಟೆ ಸಿಗುತ್ತದೆ. ಇಎಸ್‌ಪಿಎನ್‌ನವರ ಪಾಸ್ ರಶ್ ವಿನ್ ರೇಟ್ ಪಟ್ಟಿ. ಕಾಂಟ್ರಾಕ್ಟ್ ನೋಡಲು ಓವರ್ ದ ಕ್ಯಾಪ್ ತಾಣ. ವಿಡಿಯೋ ನೋಡುವ ಮನಸ್ಸಿದ್ದರೆ ಪಂದ್ಯಗಳ ಮರುಪ್ರಸಾರ ಇರುವ ಒಂದು ಚಂದಾ.

ಈ ಕೆಲಸಕ್ಕೆ ಸರಿಯಾದ ಸಮಯ ಆಗಸ್ಟ್ ಕೊನೆ. ಟೀಮುಗಳು 90 ಆಟಗಾರರಿಂದ 53ಕ್ಕೆ ಇಳಿಯುವುದು ಆಗಲೇ. ಅದಕ್ಕಿಂತ ಮೊದಲು ಮಾಡಿದರೆ ಅರ್ಧ ಕೆಲಸ ಮತ್ತೆ ಮಾಡಬೇಕಾಗುತ್ತದೆ.

ಹಂತ 1: ಸ್ಯಾಕ್ ಲೆಕ್ಕವನ್ನು ಬಿಚ್ಚಿ ನೋಡಿ

ಹೋದ ವರ್ಷ ಟೀಮ್ ಮಾಡಿದ ಒಟ್ಟು ಸ್ಯಾಕ್ ಬರೆಯಿರಿ. ಪಕ್ಕದಲ್ಲೇ ಪ್ರೆಶರ್ ಬರೆಯಿರಿ. ನಿಮ್ಮ ಕಣ್ಣು ಇನ್ನು ಮುಂದೆ ಜಾಸ್ತಿ ಹೊತ್ತು ಎರಡನೆಯದರ ಮೇಲಿರಲಿ.

ಕಾರಣ ಇಷ್ಟೇ. ಕ್ರಿಕೆಟ್‌ನಲ್ಲಿ ಒಳ್ಳೆಯ ಬೌಲರ್ ಓವರಿಗೆ ಮೂರು ಸಲ ಬ್ಯಾಟ್ಸ್‌ಮನ್‌ನನ್ನು ಬೀಟ್ ಮಾಡಿರುತ್ತಾನೆ, ವಿಕೆಟ್ ಕಾಲಂನಲ್ಲಿ ಮಾತ್ರ ಸೊನ್ನೆ. ಸ್ಯಾಕ್ ಮತ್ತು ಪ್ರೆಶರ್ ನಡುವಿನ ಸಂಬಂಧವೂ ಅಂಥದ್ದೇ. ಒಂದು ಪ್ರೆಶರ್ ಸ್ಯಾಕ್ ಆಗುವುದು ಬಿಡುವುದು ಕ್ವಾರ್ಟರ್‌ಬ್ಯಾಕ್ ಎಷ್ಟು ಹೊತ್ತು ಬಾಲ್ ಇಟ್ಟುಕೊಂಡ, ಎಷ್ಟು ಚುರುಕಾಗಿ ತಪ್ಪಿಸಿಕೊಂಡ ಅನ್ನುವುದರ ಮೇಲೆ ನಿಂತಿದೆ. ಹಾಗಾಗಿ ಸ್ಯಾಕ್ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಪ್ರೆಶರ್ ಅಷ್ಟು ಆಡುವುದಿಲ್ಲ.

ರ‍್ಯಾಮ್ಸ್‌ನ ಜೇರೆಡ್ ವರ್ಸ್ 2024ರಲ್ಲಿ ಮಾಡಿದ್ದು ಬರೀ 4.5 ಸ್ಯಾಕ್. ಆದರೂ ವರ್ಷದ ಶ್ರೇಷ್ಠ ಹೊಸ ಡಿಫೆನ್ಸ್ ಆಟಗಾರ ಅನ್ನುವ ಪ್ರಶಸ್ತಿ ಅವನಿಗೇ ಬಂತು. ಪ್ರೆಶರ್ ಪಟ್ಟಿ ತೆರೆದರೆ ಯಾಕೆ ಅಂತ ಗೊತ್ತಾಗುತ್ತದೆ. ಇದಕ್ಕೆ ತದ್ವಿರುದ್ಧ ಖಲೀಲ್ ಮ್ಯಾಕ್ ಕತೆ. 2023ರಲ್ಲಿ ಚಾರ್ಜರ್ಸ್ ಪರ 17 ಸ್ಯಾಕ್. ಅದರಲ್ಲಿ 6 ಒಂದೇ ಪಂದ್ಯದ್ದು, ರೇಡರ್ಸ್ ವಿರುದ್ಧ, ಎದುರಿಗೆ ಇದ್ದವನು ಹೊಸ ಕ್ವಾರ್ಟರ್‌ಬ್ಯಾಕ್. ಮರುವರ್ಷ ಮ್ಯಾಕ್‌ನ ಇಡೀ ಸೀಸನ್‌ನ ಲೆಕ್ಕವೇ 6. ಪ್ರತಿ ಆಟಗಾರನ ಸ್ಯಾಕ್‌ಗಳನ್ನು ಪಂದ್ಯವಾರು ನೋಡಿ. ಒಂದೆರಡು ಪಂದ್ಯದಲ್ಲೇ ರಾಶಿ ಬಿದ್ದಿದ್ದರೆ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಇಲ್ಲಿ ಎರಡು ಎಚ್ಚರಿಕೆ. ಮೊದಲನೆಯದು, ಬರೀ ಸಂಖ್ಯೆ ಬೇಡ, ಪ್ರಮಾಣ ತೆಗೆಯಿರಿ. ಎದುರಾಳಿ ಎಷ್ಟು ಸಲ ಎಸೆಯಲು ಹಿಂದೆ ಸರಿದ ಅನ್ನುವುದರಿಂದ ಪ್ರೆಶರ್ ಅನ್ನು ಭಾಗಿಸಿ. ಸದಾ ಮುಂದಿರುವ ಟೀಮಿನ ಮೇಲೆ ಎದುರಾಳಿಗಳು ಜಾಸ್ತಿ ಎಸೆಯಲೇಬೇಕು, ಸ್ಯಾಕ್ ತಾನಾಗೇ ಏರುತ್ತದೆ. 2022ರ ಈಗಲ್ಸ್ 17ರಲ್ಲಿ 14 ಗೆದ್ದು 70 ಸ್ಯಾಕ್ ಮಾಡಿದ್ದರಲ್ಲಿ ಈ ಅನುಕೂಲವೂ ಸೇರಿದೆ.

ಎರಡನೆಯದು, ಪ್ರೆಶರ್ ಎಣಿಸುವವರು ಹಲವರಿದ್ದಾರೆ, ಒಬ್ಬೊಬ್ಬರ ಅಳತೆ ಒಂದೊಂದು. ಒಂದು ತಾಣದ ಅಂಕಿಯನ್ನು ಇನ್ನೊಂದು ತಾಣದ ಅಂಕಿಯ ಪಕ್ಕ ಇಟ್ಟು ಹೋಲಿಸಬೇಡಿ. ಜನ ಅತಿ ಹೆಚ್ಚು ಎಡವುವುದು ಇಲ್ಲೇ.

ಹಂತ 2: ಹೋದವರು, ಉಳಿದವರು, ಬಂದವರು

ಹೋದ ವರ್ಷದ ಅಂಕಿ ಹೋದ ವರ್ಷದ ಆಟಗಾರರದ್ದು. ಕೇಳಲು ಸುಲಭ, ಆದರೆ ಅರ್ಧ ಜನ ಇದನ್ನು ಮರೆಯುತ್ತಾರೆ.

2022ರಲ್ಲಿ ಈಗಲ್ಸ್‌ನ ನಾಲ್ಕು ಜನ ತಲಾ 10ಕ್ಕಿಂತ ಹೆಚ್ಚು ಸ್ಯಾಕ್ ಮಾಡಿದರು. ಹ್ಯಾಸನ್ ರೆಡಿಕ್ 16, ಜಾಶ್ ಸ್ವೆಟ್, ಜೇವನ್ ಹಾರ್ಗ್ರೇವ್, ಬ್ರ್ಯಾಂಡನ್ ಗ್ರಹಾಂ ತಲಾ 11. ಎನ್‌ಎಫ್‌ಎಲ್‌ನಲ್ಲಿ ಹಿಂದೆ ಯಾವ ಟೀಮೂ ಇದನ್ನು ಮಾಡಿರಲಿಲ್ಲ. ಸೀಸನ್ ಮುಗಿದ ಮೇಲೆ ನಡುವಿನ ಗೋಡೆ ಒಡೆಯುತ್ತಿದ್ದ ಹಾರ್ಗ್ರೇವ್ ಫೋರ್ಟಿನೈನರ್ಸ್‌ಗೆ ಹೋದ. 2023ರಲ್ಲಿ 70 ಇಳಿದು 43 ಆಯಿತು.

ಈಗ 2025ರ ಆಗಸ್ಟ್‌ಗೆ ಬನ್ನಿ. ಆರು ತಿಂಗಳ ಹಿಂದಷ್ಟೇ ಈಗಲ್ಸ್ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದಿತ್ತು. 2024ರ ಲೀಗ್ ಪಂದ್ಯಗಳಲ್ಲಿ ಟೀಮಿನ ಒಟ್ಟು ಸ್ಯಾಕ್ 41. ನಿಮ್ಮ ಶೀಟಿನಲ್ಲಿ ಹೋದವರ ಕಾಲಂ ಹೀಗಿರುತ್ತಿತ್ತು: ಸ್ವೆಟ್ 8, ಅರಿಜೋನಾಗೆ. ಮಿಲ್ಟನ್ ವಿಲಿಯಮ್ಸ್ 5, ನ್ಯೂ ಇಂಗ್ಲೆಂಡ್‌ಗೆ. ಗ್ರಹಾಂ 3.5, ನಿವೃತ್ತಿ. ಬ್ರೈಸ್ ಹಫ್ 2.5, ಸ್ಯಾನ್ ಫ್ರಾನ್ಸಿಸ್ಕೊಗೆ. ಕೂಡಿಸಿದರೆ 19. ಅಂದರೆ 41ರಲ್ಲಿ ಹೆಚ್ಚುಕಡಿಮೆ ಅರ್ಧ ಬಾಗಿಲು ದಾಟಿ ಹೋಗಿದೆ.

ಸ್ಯಾಕ್ ಜೊತೆಗೆ ಸ್ನ್ಯಾಪ್ ಲೆಕ್ಕವನ್ನೂ ಹೀಗೇ ಕೂಡಿಸಿ. ಹೋದವರು ಆಡುತ್ತಿದ್ದ ಸ್ನ್ಯಾಪ್‌ಗಳನ್ನು ಈಗ ಯಾರಾದರೂ ಆಡಲೇಬೇಕು. ಯಾರು? ಹೆಸರು ಬರೆಯಿರಿ. ಅಂಚಿನಲ್ಲಿ ನೋಲನ್ ಸ್ಮಿತ್, ಜೇಲಿಕ್ಸ್ ಹಂಟ್, ಹೊಸದಾಗಿ ಬಂದ ಅಜೀಜ್ ಒಜುಲಾರಿ, ಜಾಶ್ ಉಚೆ. ಈ ಪಟ್ಟಿ ನೋಡಿದರೆ ಅಂಚು ತೆಳುವಾಗಿದೆ ಅನ್ನಿಸಬೇಕು. ಟೀಮಿಗೂ ಹಾಗೇ ಅನ್ನಿಸಿತು. ಸೆಪ್ಟೆಂಬರ್‌ನಲ್ಲಿ ಜಡೇರಿಯಸ್ ಸ್ಮಿತ್‌ನನ್ನು ಕರೆತಂದರು, ಅವನು ಅಕ್ಟೋಬರ್‌ನಲ್ಲಿ ನಿವೃತ್ತನಾದ. ಅದೇ ತಿಂಗಳು ಗ್ರಹಾಂನನ್ನು ನಿವೃತ್ತಿಯಿಂದ ವಾಪಸ್ ಕರೆಸಿದರು. ನವೆಂಬರ್‌ನಲ್ಲಿ ಮಯಾಮಿಯಿಂದ ಜೇಲನ್ ಫಿಲಿಪ್ಸ್‌ನನ್ನು ಟ್ರೇಡ್‌ನಲ್ಲಿ (ಟೀಮುಗಳ ನಡುವಿನ ವಿನಿಮಯದಲ್ಲಿ) ಪಡೆದರು. ಆಗಸ್ಟ್‌ನಲ್ಲಿ ಒಂದು ಶೀಟ್ ತೆರೆದು ಕೂತವರಿಗೆ ಇದರಲ್ಲಿ ಆಶ್ಚರ್ಯ ಏನೂ ಇರಲಿಲ್ಲ.

ಹಂತ 3: ಹೊರೆ ಎಷ್ಟು ಜನರ ಮೇಲಿದೆ?

2024ರಲ್ಲಿ ಲೀಗ್‌ನಲ್ಲೇ ಜಾಸ್ತಿ ಸ್ಯಾಕ್ ಮಾಡಿದವನು ಸಿನ್ಸಿನಾಟಿ ಬೆಂಗಲ್ಸ್‌ನ ಟ್ರೇ ಹೆಂಡ್ರಿಕ್ಸನ್, 17.5. ಆದರೆ ಅವನ ಟೀಮಿನ ಒಟ್ಟು ಸ್ಯಾಕ್‌ನಲ್ಲಿ ಸುಮಾರು ಅರ್ಧ ಅವನೊಬ್ಬನದೇ. ಎದುರಾಳಿ ಕೋಚ್ ಅವನ ಮೇಲೆ ಇಬ್ಬರನ್ನು ಬಿಟ್ಟರೆ ಉಳಿದವರಿಂದ ಏನೂ ಬರುತ್ತಿರಲಿಲ್ಲ. ಜೋ ಬರೋ ಅಂಥ ಕ್ವಾರ್ಟರ್‌ಬ್ಯಾಕ್ 43 ಟಚ್‌ಡೌನ್ (ಅಂಕ ತರುವ ಪಾಸ್) ಎಸೆದ ವರ್ಷವೂ ಟೀಮ್ ಪ್ಲೇಆಫ್ ತಲುಪಲಿಲ್ಲ.

ಅದೇ ವರ್ಷ ಡೆನ್ವರ್ ಬ್ರಾಂಕೋಸ್ ಲೀಗ್‌ನಲ್ಲೇ ಹೆಚ್ಚು, 63 ಸ್ಯಾಕ್ ಮಾಡಿತು. ನಿಕ್ ಬೊನಿಟೊ 13.5, ಜಾನಥನ್ ಕೂಪರ್ 10.5, ಜ್ಯಾಕ್ ಆಲನ್ 8.5, ಜಾನ್ ಫ್ರ್ಯಾಂಕ್ಲಿನ್ ಮೈಯರ್ಸ್ 7. ಇಬ್ಬರು ಅಂಚಿನವರು, ಇಬ್ಬರು ನಡುವಿನವರು. ಒಬ್ಬನನ್ನು ಕಟ್ಟಿಹಾಕಿದರೆ ಇನ್ನೊಬ್ಬ ಬರುತ್ತಾನೆ. 2025ರಲ್ಲೂ ಅವರೇ ಮುಂದಿದ್ದರು.

ನಿಮ್ಮ ಟೀಮಿನಲ್ಲಿ ಮೊದಲ ಹೆಸರನ್ನು ಹೊಡೆದು ಹಾಕಿ ಪಟ್ಟಿಯನ್ನು ಮತ್ತೆ ಓದಿ. ಭಯ ಆಯಿತಾ? ಹಾಗಾದರೆ ನಿಮ್ಮ ಪಾಸ್ ರಶ್ ಒಂದು ಮೊಣಕಾಲಿನ ಮೇಲೆ ನಿಂತಿದೆ. ಲಯನ್ಸ್‌ನ ಏಡನ್ ಹಚಿನ್ಸನ್ 2024ರಲ್ಲಿ ಐದೇ ಪಂದ್ಯದಲ್ಲಿ 7.5 ಸ್ಯಾಕ್ ಮಾಡಿ ಕಾಲು ಮುರಿದುಕೊಂಡ. ಫೋರ್ಟಿನೈನರ್ಸ್‌ನ ನಿಕ್ ಬೋಸಾ 2025ರ ಮೂರನೇ ವಾರದಲ್ಲೇ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು ಹೊರಬಿದ್ದ, ಟೀಮ್ ಸ್ಯಾಕ್ ಪಟ್ಟಿಯ ತಳ ಸೇರಿತು.

ಹಂತ 4: ನಡುವನ್ನು ಮರೆಯಬೇಡಿ

ಟಿವಿಯಲ್ಲಿ ಕಾಣುವುದು ಅಂಚಿನವರು. ಜಾಹೀರಾತಿನಲ್ಲಿ ಬರುವುದೂ ಅವರೇ. ಆದರೆ ಅಂಚಿನಿಂದ ಬರುವ ರಶರ್‌ನನ್ನು ಕ್ವಾರ್ಟರ್‌ಬ್ಯಾಕ್ ಒಂದು ಹೆಜ್ಜೆ ಮುಂದೆ ಇಟ್ಟು ತಪ್ಪಿಸಿಕೊಳ್ಳಬಹುದು. ನಡುವಿನಿಂದ ಯಾರೋ ಮುಖಕ್ಕೇ ಬಂದರೆ ಇಡಲು ಹೆಜ್ಜೆಯೇ ಇಲ್ಲ. ರ‍್ಯಾಮ್ಸ್‌ನ ಆರನ್ ಡೊನಾಲ್ಡ್ 2018ರಲ್ಲಿ ನಡುವಿನ ಜಾಗದಿಂದಲೇ 20.5 ಸ್ಯಾಕ್ ಮಾಡಿದ್ದು ಅದಕ್ಕೇ ಇಂದಿಗೂ ದೊಡ್ಡ ಮಾತು.

ನಿಮ್ಮ ಟೀಮಿನ ಡಿಫೆನ್ಸಿವ್ ಟ್ಯಾಕಲ್‌ಗಳ ಪ್ರೆಶರ್ ಅನ್ನು ಬೇರೆ ಕಾಲಂನಲ್ಲಿ ಇಡಿ. ಯಾರ ಮೇಲೆ ಸದಾ ಇಬ್ಬರು ಬೀಳುತ್ತಾರೆ ಅನ್ನುವುದನ್ನೂ ಗಮನಿಸಿ. ಈಗಲ್ಸ್‌ನ ಜೇಲನ್ ಕಾರ್ಟರ್ 2024ರಲ್ಲಿ ಮಾಡಿದ್ದು 4.5 ಸ್ಯಾಕ್ ಮಾತ್ರ. ಆದರೆ ಅವನಿಗೆ ಇಬ್ಬರು ಅಂಟಿಕೊಂಡಾಗ ಪಕ್ಕದವನಿಗೆ ಒಬ್ಬನೇ ಎದುರಾಳಿ ಉಳಿಯುತ್ತಾನೆ.

ಹಂತ 5: ನಾಲ್ಕು ಜನರಿಂದಲೋ, ಬ್ಲಿಟ್ಜ್‌ನಿಂದಲೋ?

ಈ ಹಂತವನ್ನು ದಯವಿಟ್ಟು ಬಿಡಬೇಡಿ. ಐದಾರು ಜನರನ್ನು ನುಗ್ಗಿಸಿದರೆ ಪ್ರೆಶರ್ ಸಿಗುವುದು ಸಹಜ. ಆದರೆ ಹಿಂದೆ ಪಾಸ್ ತಡೆಯಲು ಜನ ಕಡಿಮೆ ಉಳಿಯುತ್ತಾರೆ, ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಆ ಖಾಲಿ ಜಾಗಕ್ಕೇ ಎಸೆಯುತ್ತಾನೆ. ಹಾಗಾಗಿ ಟೀಮಿನ ಬ್ಲಿಟ್ಜ್ ಪ್ರಮಾಣ ಮತ್ತು ಪ್ರೆಶರ್ ಪ್ರಮಾಣ ಎರಡನ್ನೂ ಅಕ್ಕಪಕ್ಕ ಬರೆಯಿರಿ. ಬ್ಲಿಟ್ಜ್ ಕಡಿಮೆ, ಪ್ರೆಶರ್ ಜಾಸ್ತಿ ಇದ್ದರೆ ಅದು ನಿಜವಾದ ಬಲ. ಎರಡೂ ಜಾಸ್ತಿ ಇದ್ದರೆ ಅದರಲ್ಲಿ ಕೋಚ್‌ನ ಕೈವಾಡ ಎಷ್ಟು, ಆಟಗಾರರ ಬಲ ಎಷ್ಟು ಅಂತ ಕೇಳಿಕೊಳ್ಳಿ. ಬ್ರಯನ್ ಫ್ಲೋರೆಸ್ ನಡೆಸುವ ಮಿನೆಸೋಟಾ ಡಿಫೆನ್ಸ್ ಲೀಗ್‌ನಲ್ಲೇ ಅತಿ ಹೆಚ್ಚು ಬ್ಲಿಟ್ಜ್ ಮಾಡುವ ಗುಂಪುಗಳಲ್ಲೊಂದು. ಅದೂ ಒಂದು ದಾರಿಯೇ, ಆದರೆ ಅಳತೆ ಬೇರೆ.

ಎರಡು ಸೂಪರ್ ಬೌಲ್ ಪಕ್ಕಪಕ್ಕ ಇಡಿ. 2023ರ ಫೆಬ್ರವರಿ, ಅರಿಜೋನಾದ ಗ್ಲೆಂಡೇಲ್. 70 ಸ್ಯಾಕ್‌ನ ಈಗಲ್ಸ್ ಆ ದಿನ ಕನ್ಸಾಸ್ ಸಿಟಿಯ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ನನ್ನು ಒಂದು ಸಲವೂ ಕೆಡವಲಿಲ್ಲ. ಕನ್ಸಾಸ್ ಸಿಟಿ ಬೇಗ ಬೇಗ ಎಸೆದು 38–35ರಲ್ಲಿ ಗೆದ್ದಿತು. ಎರಡು ವರ್ಷ ಬಿಟ್ಟು, 2025ರ ಫೆಬ್ರವರಿ, ನ್ಯೂ ಆರ್ಲಿಯನ್ಸ್. ಅದೇ ಎರಡು ಟೀಮು. ಈ ಸಲದ ಈಗಲ್ಸ್ ಲೀಗ್‌ನಲ್ಲಿ ಮಾಡಿದ್ದು 41 ಸ್ಯಾಕ್ ಅಷ್ಟೇ. ಡಿಫೆನ್ಸ್ ಕೋಚ್ ವಿಕ್ ಫ್ಯಾಂಜಿಯೊ ಇಡೀ ಪಂದ್ಯದಲ್ಲಿ ಒಂದೇ ಒಂದು ಬ್ಲಿಟ್ಜ್ ಮಾಡಲಿಲ್ಲ. ನಾಲ್ಕೇ ಜನ ನುಗ್ಗಿದರು, ಏಳು ಜನ ಹಿಂದೆ ಕಾದರು. ಮಹೋಮ್ಸ್ 6 ಸಲ ನೆಲಕ್ಕೆ ಬಿದ್ದ. ಈಗಲ್ಸ್ 40–22ರಲ್ಲಿ ಗೆದ್ದಿತು. ಸ್ಯಾಕ್ ಲೆಕ್ಕ ಮಾತ್ರ ನೋಡಿದವರು ಎರಡೂ ಸಲ ತಪ್ಪು ಊಹಿಸುತ್ತಿದ್ದರು.

ಇಎಸ್‌ಪಿಎನ್‌ನ ವಿನ್ ರೇಟ್ ಪಟ್ಟಿ ಉಪಯೋಗಕ್ಕೆ ಬರುವುದು ಇಲ್ಲಿ. ಆಟಗಾರರ ಶೋಲ್ಡರ್ ಪ್ಯಾಡ್‌ನಲ್ಲಿರುವ ಚಿಪ್‌ನ ಮಾಹಿತಿಯಿಂದ, 2.5 ಸೆಕೆಂಡಿನೊಳಗೆ ರಶರ್ ತನ್ನ ಎದುರಿನವನನ್ನು ದಾಟಿದನೇ ಇಲ್ಲವೇ ಅಂತ ಅದು ಹೇಳುತ್ತದೆ. ಸ್ಯಾಕ್ ಆಗಲಿ ಬಿಡಲಿ, ಗೆದ್ದಿದ್ದು ಗೆದ್ದಂತೆ.

ಹಂತ 6: ಕೋಚ್ ಯಾರು, ಆಟಗಾರನ ಕೆಲಸ ಏನು?

ಹೊಸಬ ಬಂದ, ಹೋದ ವರ್ಷ ಅಲ್ಲಿ 10 ಸ್ಯಾಕ್ ಮಾಡಿದ್ದ, ಆದ್ದರಿಂದ ಇಲ್ಲೂ 10. ಈ ಲೆಕ್ಕ ಮಾಡಬೇಡಿ.

ಬ್ರೈಸ್ ಹಫ್ 2023ರಲ್ಲಿ ಜೆಟ್ಸ್ ಪರ 10 ಸ್ಯಾಕ್ ಮಾಡಿದ್ದ. ಅಲ್ಲಿ ಅವನ ಕೆಲಸ ಒಂದೇ, ಎದುರಾಳಿ ಎಸೆಯುತ್ತಾನೆ ಅಂತ ಗೊತ್ತಾದಾಗ ಒಳಗೆ ಬಂದು ನುಗ್ಗುವುದು. ಸ್ನ್ಯಾಪ್‌ಗಳಲ್ಲಿ ಅರ್ಧವೂ ಆಡುತ್ತಿರಲಿಲ್ಲ. ಈಗಲ್ಸ್ ಮೂರು ವರ್ಷಕ್ಕೆ 5.1 ಕೋಟಿ ಡಾಲರ್ ಕೊಟ್ಟು ಕರೆತಂದಿತು. ಫ್ಯಾಂಜಿಯೊ ಪದ್ಧತಿಯಲ್ಲಿ ಅಂಚಿನವನು ಬಾಲ್ ಹಿಡಿದು ಓಡುವವನನ್ನೂ ತಡೆಯಬೇಕು, ಒಮ್ಮೊಮ್ಮೆ ಹಿಂದೆ ಸರಿದು ಪಾಸನ್ನೂ ಕಾಯಬೇಕು. ಫಲ 2.5 ಸ್ಯಾಕ್. ಸೂಪರ್ ಬೌಲ್‌ನಲ್ಲಿ ಅವನನ್ನು ಆಡಿಸಲೇ ಇಲ್ಲ. ಮರುವರ್ಷ ಅವನು ಹೋಗಿದ್ದು ಫೋರ್ಟಿನೈನರ್ಸ್‌ಗೆ, ಅಲ್ಲಿ ಡಿಫೆನ್ಸ್ ನಡೆಸುತ್ತಿದ್ದವನು ಜೆಟ್ಸ್‌ನ ಹಳೆಯ ಕೋಚ್ ರಾಬರ್ಟ್ ಸಾಲೆ.

ಹೊಸ ಆಟಗಾರನ ಹೆಸರಿನ ಎದುರು ಮೂರು ವಿಷಯ ಬರೆಯಿರಿ: ಹಿಂದೆ ಎಷ್ಟು ಸ್ನ್ಯಾಪ್ ಆಡುತ್ತಿದ್ದ, ಯಾವ ಜಾಗದಿಂದ ನುಗ್ಗುತ್ತಿದ್ದ, ಇಲ್ಲಿನ ಕೋಚ್ ಅವನಿಂದ ಏನು ಕೇಳುತ್ತಾನೆ. ಡಿಫೆನ್ಸ್ ಕೋಚೇ ಬದಲಾಗಿದ್ದರೆ ಹಳೆಯ ಬ್ಲಿಟ್ಜ್ ಅಂಕಿಗಳನ್ನು ಪಕ್ಕಕ್ಕಿಟ್ಟು, ಆ ಕೋಚ್‌ನ ಹಿಂದಿನ ಟೀಮಿನ ಅಂಕಿ ತೆಗೆಯಿರಿ.

ಹಂತ 7: ದುಡ್ಡಿನ ಜಗಳ, ವಯಸ್ಸು, ಗಾಯ

ಸ್ಟಾರ್ ಆಟಗಾರ ಸೀಸನ್‌ಗೆ ಮುಂಚಿನ ತರಬೇತಿ ಕ್ಯಾಂಪ್‌ಗೆ ಬಂದೂ ಪ್ರಾಕ್ಟೀಸ್ ಮಾಡುತ್ತಿಲ್ಲವೇ? ಕಾಂಟ್ರಾಕ್ಟ್ ಜಗಳ ಅಂತಲೇ ತಿಳಿಯಿರಿ. ಡಾಲಸ್‌ನ ಎಡ್ಜ್ ರಶರ್ ಮೈಕಾ ಪಾರ್ಸನ್ಸ್ ಮೊದಲ ನಾಲ್ಕು ವರ್ಷವೂ ತಪ್ಪದೆ 12 ಅಥವಾ ಅದಕ್ಕಿಂತ ಹೆಚ್ಚು ಸ್ಯಾಕ್ ಮಾಡಿದವನು. 2025ರ ಆಗಸ್ಟ್ 28ರಂದು, ಸೀಸನ್‌ಗೆ ಒಂದು ವಾರ ಇರುವಾಗ, ಡಾಲಸ್ ಅವನನ್ನು ಗ್ರೀನ್ ಬೇಗೆ ಕೊಟ್ಟುಬಿಟ್ಟಿತು. ಬದಲಿಗೆ ಸಿಕ್ಕಿದ್ದು ಡ್ರಾಫ್ಟ್‌ನ (ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸುವ ಪದ್ಧತಿ) ಎರಡು ಮೊದಲ ಸುತ್ತಿನ ಅವಕಾಶ ಮತ್ತು ಡಿಫೆನ್ಸಿವ್ ಟ್ಯಾಕಲ್ ಕೆನಿ ಕ್ಲಾರ್ಕ್. ಎರಡು ಟೀಮುಗಳ ಬಗ್ಗೆ ಅಲ್ಲಿಯವರೆಗೆ ಬರೆದದ್ದೆಲ್ಲಾ ಒಂದೇ ದಿನದಲ್ಲಿ ರದ್ದಿ.

ವಯಸ್ಸು 30 ದಾಟಿದವರ, ದೊಡ್ಡ ಶಸ್ತ್ರಚಿಕಿತ್ಸೆಯಿಂದ ಮರಳುತ್ತಿರುವವರ ಹೆಸರಿಗೆ ಗುರುತು ಹಾಕಿ. ಅವರನ್ನು ಪಟ್ಟಿಯಿಂದ ತೆಗೆಯುವುದೇನೂ ಬೇಡ. 17 ಪಂದ್ಯ ಆಡುತ್ತಾರೆ ಅಂತ ಮಾತ್ರ ಲೆಕ್ಕ ಹಾಕಬೇಡಿ.

ಹಂತ 8: ಪ್ರೀಸೀಸನ್ ಪಂದ್ಯದಲ್ಲಿ ಏನು ನೋಡಬೇಕು

ಪ್ರೀಸೀಸನ್‌ನ (ಸೀಸನ್‌ಗೆ ಮುಂಚಿನ ಅಭ್ಯಾಸದ) ಮೂರು ಪಂದ್ಯಗಳ ಸ್ಯಾಕ್ ಲೆಕ್ಕವನ್ನು ಕಸದ ಬುಟ್ಟಿಗೆ ಹಾಕಿ. ಮುಖ್ಯ ಆಟಗಾರರು ನಾಲ್ಕಾರು ಸ್ನ್ಯಾಪ್ ಆಡಿ ಕೂರುತ್ತಾರೆ, ಕೆಲವರು ಇಳಿಯುವುದೇ ಇಲ್ಲ. ಕೊನೆಯ ಕ್ವಾರ್ಟರ್‌ನಲ್ಲಿ ಮೂರು ಸ್ಯಾಕ್ ಮಾಡಿದವನ ಎದುರು ನಿಂತವನು ಮುಂದಿನ ವಾರ ಕೆಲಸ ಕಳೆದುಕೊಳ್ಳುವವನಾಗಿರಬಹುದು. ಕ್ಯಾಂಪ್‌ನಿಂದ ಬರುವ "ಇವತ್ತು ತಡೆಯೋಕೇ ಆಗಲಿಲ್ಲ" ಅನ್ನುವ ವರದಿಗಳಿಗೂ ಇದೇ ಬೆಲೆ. ತಡೆಯಲಾಗದೆ ಸೋತವನು ನಿಮ್ಮದೇ ಟೀಮಿನ ಆಫೆನ್ಸಿವ್ ಲೈನ್‌ನವನು ಅನ್ನುವುದು ನೆನಪಿರಲಿ!

ನೋಡಬೇಕಾದದ್ದು ಒಂದೊಂದೇ ಸ್ನ್ಯಾಪ್. ಮೊದಲು ನಿಮ್ಮ ಎಡ್ಜ್ ರಶರ್‌ನ ಎದುರು ನಿಂತವನ ಜೆರ್ಸಿ ನಂಬರ್ ನೋಡಿ, ಅವನು ಮುಖ್ಯ ಆಟಗಾರನೇ ಅಂತ ಹುಡುಕಿ. ಅಲ್ಲ ಅಂದರೆ ಮುಂದಕ್ಕೆ ಓಡಿಸಿ. ಹೌದು ಅಂದರೆ ಸ್ನ್ಯಾಪ್‌ಗೆ ಸ್ವಲ್ಪ ಮೊದಲು ನಿಲ್ಲಿಸಿ, ನಿಧಾನಗತಿಯಲ್ಲಿ ಬಿಡಿ. ಬಾಲನ್ನು ನೋಡಬೇಡಿ. ರಶರ್‌ನ ಮೊದಲ ಹೆಜ್ಜೆ ಬಾಲ್ ಅಲುಗಿದಾಗಲೇ ಬಿತ್ತೇ, ಅಥವಾ ಪಕ್ಕದವನು ಎದ್ದ ಮೇಲೆ ಎದ್ದನೇ? ಮೂರನೇ ಹೆಜ್ಜೆಗೆ ಇಬ್ಬರ ಕೈ ತಾಗುತ್ತವೆ. ಯಾರ ಕೈ ಯಾರ ಎದೆ ಮೇಲಿದೆ? ಒಳ್ಳೆಯ ರಶರ್ ಎದುರಿನವನ ಹೊರಗಿನ ಕೈಯನ್ನು ಕೆಳಕ್ಕೆ ಬಡಿದು, ಭುಜ ಬಗ್ಗಿಸಿ, ಸೊಂಟವನ್ನು ಕ್ವಾರ್ಟರ್‌ಬ್ಯಾಕ್ ಕಡೆ ತಿರುಗಿಸಿರುತ್ತಾನೆ. ಬ್ಲಾಕ್ ಮಾಡುವವನ ಕಾಲುಗಳು ಅಡ್ಡಾದಿಡ್ಡಿಯಾಗಿ ಅವನು ಪಕ್ಕಕ್ಕೆ ಓಡಲು ಶುರುಮಾಡಿದರೆ ಅಲ್ಲಿಗೆ ಅವನು ಸೋತ. ಎರಡೂವರೆ ಸೆಕೆಂಡಿಗೆ ವಿಡಿಯೋ ನಿಲ್ಲಿಸಿ. ರಶರ್ ಅವನನ್ನು ದಾಟಿದ್ದರೆ ಒಂದು ಗೆರೆ ಎಳೆಯಿರಿ. ಬಾಲ್ ಆಗಲೇ ಕೈ ಬಿಟ್ಟಿದ್ದರೂ ಗೆರೆ ಗೆರೆಯೇ.

ಇನ್ನೊಂದು, ನಾಲ್ಕೂ ಜನ ತಮ್ಮ ತಮ್ಮ ದಾರಿ ಬಿಡದೆ ನುಗ್ಗುತ್ತಾರೆಯೇ ನೋಡಿ. ಒಬ್ಬ ಸ್ಯಾಕ್ ಆಸೆಗೆ ತನ್ನ ಜಾಗ ಬಿಟ್ಟು ತೀರಾ ಆಳಕ್ಕೆ ಹೋದರೆ, ಓಡಬಲ್ಲ ಕ್ವಾರ್ಟರ್‌ಬ್ಯಾಕ್ ಅದೇ ಸಂದಿಯಲ್ಲಿ 15 ಗಜ ಓಡುತ್ತಾನೆ.

ಹಂತ 9: ಹಿಂದಿನ ಸಾಲು ಮತ್ತು ವೇಳಾಪಟ್ಟಿ

ಇದನ್ನು ಬೇಗ ಮುಗಿಸಬಹುದು. ಪಾಸ್ ಕಾಯುವ ಹಿಂದಿನ ಸಾಲು ಗಟ್ಟಿ ಇದ್ದರೆ ಕ್ವಾರ್ಟರ್‌ಬ್ಯಾಕ್ ಎಸೆಯಲು ಯಾರೂ ಸಿಗದೆ ತಡ ಮಾಡುತ್ತಾನೆ, ರಶರ್‌ಗೆ ಇನ್ನರ್ಧ ಸೆಕೆಂಡು ಸಿಗುತ್ತದೆ. ಅಲ್ಲಿ ಇಬ್ಬರು ಒಳ್ಳೆಯವರು ಹೋಗಿದ್ದರೆ ಸ್ಯಾಕ್ ಕಡಿಮೆಯಾಗುತ್ತದೆ ಅಂತಲೇ ಇಟ್ಟುಕೊಳ್ಳಿ. ವೇಳಾಪಟ್ಟಿಯಲ್ಲಿ ಮೊದಲ ನಾಲ್ಕು ಎದುರಾಳಿಗಳ ಆಫೆನ್ಸಿವ್ ಲೈನ್ ಮಾತ್ರ ನೋಡಿ. ಡಿಸೆಂಬರ್‌ನಲ್ಲಿ ಯಾರು ಆಡುತ್ತಿರುತ್ತಾರೆ ಅಂತ ಈಗಲೇ ಊಹಿಸುವುದು ಸುಮ್ನೆ ಟೈಮ್ ವೇಸ್ಟ್.

ಹಂತ 10: ತೀರ್ಪು ಬರೆಯಿರಿ, ದಿನಾಂಕ ಹಾಕಿ

ನಾಲ್ಕೇ ಸಾಲು ಸಾಕು. ಬ್ಲಿಟ್ಜ್ ಇಲ್ಲದೆ ಒತ್ತಡ ಹಾಕಬಲ್ಲರೇ? ನಡುವಿನಿಂದ ಯಾರು ಬರುತ್ತಾರೆ? ಮೊದಲ ಹೆಸರು ಗಾಯಗೊಂಡರೆ ಎರಡನೆಯವನು ಯಾರು? ಹೋದವರ ಸ್ನ್ಯಾಪ್ ಯಾರ ಪಾಲಿಗೆ? 2025ರ ಆಗಸ್ಟ್‌ನ ಈಗಲ್ಸ್‌ಗೆ ನಾನು ಬರೆಯುತ್ತಿದ್ದುದು ಇಷ್ಟು: ನಾಲ್ವರಿಂದ ಒತ್ತಡ, ಹೌದು. ನಡು ಗಟ್ಟಿ, ಕಾರ್ಟರ್ ಇರುವ ತನಕ. ಅಂಚಿನಲ್ಲಿ ನೋಲನ್ ಸ್ಮಿತ್ ನಂತರ ಯಾರೂ ಸಾಬೀತಾದವರಲ್ಲ. ಟ್ರೇಡ್ ಗಡುವಿನೊಳಗೆ ಒಬ್ಬ ಅಂಚಿನವನನ್ನು ತರಲೇಬೇಕು.

ನಾಲ್ಕನೇ ವಾರ ಮುಗಿದ ಮೇಲೆ ಈ ಶೀಟ್ ಮತ್ತೆ ತೆಗೆಯಿರಿ, ಪ್ರೆಶರ್ ಪ್ರಮಾಣವನ್ನು ಅದೇ ತಾಣದಿಂದ ಮತ್ತೆ ತುಂಬಿ. ಟ್ರೇಡ್ ಗಡುವು ನವೆಂಬರ್ ಮೊದಲ ದಿನಗಳ ಹೊತ್ತಿಗೆ ಬರುತ್ತದೆ, ಅದರ ಮರುದಿನ ಇನ್ನೊಂದು ಸಲ ನೋಡಿ. ಭಾರತದಲ್ಲಿ ಕೂತು ನೋಡುವವರಿಗೆ ಒಂದು ಮಾತು: ಭಾನುವಾರದ ಮೊದಲ ಪಂದ್ಯಗಳು ಶುರುವಾಗುವುದು ರಾತ್ರಿ 10:30ಕ್ಕೆ, ಅಮೆರಿಕದಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ 11:30ಕ್ಕೆ. ಲೈವ್ ನೋಡುತ್ತಾ ಗೆರೆ ಎಳೆಯಲು ಹೋಗಬೇಡಿ, ಸೋಮವಾರ ಸಂಜೆ ಮರುಪ್ರಸಾರ ಹಾಕಿಕೊಂಡರೆ ಸಾಕು.